ಕೊಡಗಿನ ಹೋಂಸ್ಟೇಗೆ ಹೋದರೆ ಮೊದಲು ಬಾತ್‌ರೂಮಿನ ಕಿಟಕಿ ನೋಡಿ

ಮೊದಲೇ ವಿಷಯ ಹೇಳಿಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿದರೂ ಸಾಕು. ಬಾತ್‌ರೂಮಿನ ಒಳಗಡೆ ಗ್ಯಾಸ್ ಗೀಸರ್ ಇದ್ದು, ಅಲ್ಲಿನ ಕಿಟಕಿ ಮುಚ್ಚಿದ್ದರೆ ಅಲ್ಲಿ ಸ್ನಾನ ಮಾಡಬೇಡಿ. ಮಕ್ಕಳನ್ನಂತೂ ಕಳಿಸಲೇಬೇಡಿ. ಜುಲೈ ಕೊನೆಯಲ್ಲಿ ಕೊಡಗಿಗೆ ಹೋಗಿದ್ದಾಗ ನಮ್ಮ ಹತ್ತು ವರ್ಷದ ಮಗಳು ಅಂಥದೊಂದು ಬಾತ್‌ರೂಮಿನಲ್ಲಿ ಕುಸಿದು ಬಿದ್ದಳು. ಈಗ ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ಆದರೆ ಆ ರಾತ್ರಿ ಇನ್ನೊಂದು ಹತ್ತು ನಿಮಿಷ ನಾವು ಗಮನಿಸದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ನನಗೆ ಇನ್ನೂ ಧೈರ್ಯ ಇಲ್ಲ.

ನಾವು ಮೈಸೂರಿನವರು. ಅತ್ತೆಗೆ ತಲಕಾವೇರಿ ನೋಡುವ ಆಸೆ ಬಹಳ ದಿನದಿಂದ ಇತ್ತು. ಮಳೆಗಾಲದಲ್ಲಿ ಬೇಡ, ತುಲಾ ಸಂಕ್ರಮಣ ಕಳೆದ ಮೇಲೆ ಹೋಗೋಣ ಅಂತ ನಾನು ಹೇಳಿದೆ. ಅಷ್ಟರಲ್ಲಿ ನಮ್ಮವರಿಗೆ ಮೊಬೈಲಿನಲ್ಲಿ ಒಂದು ಹೋಂಸ್ಟೇ ಸಿಕ್ಕಿತು. ಕಾಫಿ ತೋಟದ ನಡುವೆ ಹೆಂಚಿನ ಮನೆ, ಮುಂದೆ ಮಂಜು. ಒಬ್ಬರಿಗೆ ದಿನಕ್ಕೆ 900 ರೂಪಾಯಿ, ಅದರಲ್ಲೇ ರಾತ್ರಿ ಊಟ, ಬೆಳಗ್ಗೆ ತಿಂಡಿ. ಬೇರೆ ಕಡೆ ಕೇಳಿದ್ದಕ್ಕಿಂತ ಅರ್ಧದಷ್ಟು ಕಡಿಮೆ. ಅರ್ಧ ದುಡ್ಡು ಫೋನ್‌ಪೇ ಮಾಡಿ ಶನಿವಾರ ಬೆಳಗ್ಗೆ ಹೊರಟೆವು.

ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ ಬರುವವರೆಗೆ ಮಳೆ ಹನಿ ಹನಿ ಅಷ್ಟೇ. ಮಡಿಕೇರಿ ಘಾಟಿ ಹತ್ತುವಾಗ ವೈಪರ್ ಜೋರಾಗಿ ಹಾಕಿದರೂ ಮುಂದೆ ಏನೂ ಕಾಣಿಸುತ್ತಿರಲಿಲ್ಲ. ಅಲ್ಲಿಂದ ಭಾಗಮಂಡಲ ರಸ್ತೆ ಹಿಡಿದು, ಆಮೇಲೆ ತೋಟದ ದಾರಿಯಲ್ಲಿ ಎರಡೂವರೆ ಕಿಲೋಮೀಟರ್ ಒಳಗೆ ಹೋಗಬೇಕು. ಕಾರು ಆ ಕೆಸರಿನಲ್ಲಿ ಹತ್ತಲಿಲ್ಲ. ಮೇಲಿಂದ ಜೀಪ್ ಬಂತು, ಅದಕ್ಕೆ 600 ರೂಪಾಯಿ ಬೇರೆ. ಬುಕ್ ಮಾಡುವಾಗ ಈ ಮಾತೇ ಬಂದಿರಲಿಲ್ಲ. ಹೋಗಲಿ ಬಿಡಿ, ಅಡ್ಜಸ್ಟ್ ಮಾಡ್ಕೊಳ್ಳೋಣ ಅಂದುಕೊಂಡೆವು.

ಅಡ್ಜಸ್ಟ್ ಮಾಡ್ಕೊಳ್ಳೋಣ ಅನ್ನುವ ಈ ಮಾತನ್ನು ಅವತ್ತು ನಾವು ಎಷ್ಟು ಸಲ ಆಡಿದೆವೋ ಲೆಕ್ಕ ಇಲ್ಲ.

ರೂಮಿನ ಗೋಡೆಗೆ ಬೂಷ್ಟು ಹಿಡಿದಿತ್ತು. ಹಾಸಿಗೆ ಮುಟ್ಟಿದರೆ ಹಸಿ ಹಸಿ. ಹೊದಿಕೆಗೆ ಮುಗ್ಗಲು ವಾಸನೆ. ರೂಮಿನದೂ ಬಾತ್‌ರೂಮಿನದೂ ಬಾಗಿಲು ಮಳೆಗೆ ಉಬ್ಬಿ ಚಿಲಕ ಕೂರುತ್ತಿರಲಿಲ್ಲ. ಮಧ್ಯಾಹ್ನವೇ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು, ಇನ್ವರ್ಟರ್‌ನಲ್ಲಿ ಒಂದು ಬಲ್ಬ್ ಮಾತ್ರ. ಮೊಬೈಲಿಗೆ ಸಿಗ್ನಲ್ ಇಲ್ಲ. ಮಗಳ ಕಾಲಿಗೆ ಎರಡು ಜಿಗಣೆ ಹತ್ತಿ, ಉಪ್ಪು ಹಾಕಿ ಬಿಡಿಸಿದೆವು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಇದರಲ್ಲಿ ಮುಕ್ಕಾಲು ಪಾಲು ಯಾರ ತಪ್ಪೂ ಅಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಕೊಡಗಿನ ಎಂಥ ಒಳ್ಳೆಯ ಮನೆಯಲ್ಲೂ ಬಟ್ಟೆ ಒಣಗುವುದಿಲ್ಲ. ಸಿಲ್ವರ್ ಓಕ್ ಮರವೋ ಅದರ ಕೊಂಬೆಯೋ ತಂತಿ ಮೇಲೆ ಬಿದ್ದರೆ ಕರೆಂಟ್ ಬರಲು ಎರಡು ದಿನ, ಮೂರು ದಿನ ಆಗಬಹುದು. ಅಂಥ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಕಷ್ಟ ಅಲ್ಲಿನವರಿಗೇ ಗೊತ್ತು. ಜಿಗಣೆ ಬೇಡ ಅನ್ನುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ತೋಟಕ್ಕೆ ಕಾಲಿಡಬಾರದು. ಇದಕ್ಕೆಲ್ಲ ಹೋಂಸ್ಟೇಯವರನ್ನು ಬೈದು ಒಂದು ಸ್ಟಾರ್ ಕೊಡುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಊಟವೂ ಚೆನ್ನಾಗಿತ್ತು. ಬಿಸಿ ಕಡಂಬುಟ್ಟು, ಕಣಿಲೆ ಪಲ್ಯ, ಅಕ್ಕಿ ರೊಟ್ಟಿ. ಅಡುಗೆ ಮಾಡಿದ ಹೆಂಗಸು ಪಕ್ಕದ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರ ಸಾಲುಮನೆಯವರು. ಅತ್ತೆಗೆ ಖಾರ ಆಗಲ್ಲ ಅಂದಿದ್ದಕ್ಕೆ ಬೇರೆಯಾಗಿ ಸಪ್ಪೆ ಸಾರು ಮಾಡಿ ಕೊಟ್ಟರು.

ನಾವು ಎಡವಿದ್ದು ಬೇರೆ ಕಡೆ. ಮಳೆಗಾಲಕ್ಕೆ ಸಹಜವಾದ ತೊಂದರೆಗೂ, ಹೋಂಸ್ಟೇಯವರ ಅಸಡ್ಡೆಯಿಂದ ಆದ ಅಪಾಯಕ್ಕೂ ವ್ಯತ್ಯಾಸ ನೋಡಲಿಲ್ಲ. ಎಲ್ಲಕ್ಕೂ ಒಂದೇ ಉತ್ತರ ಕೊಟ್ಟುಕೊಂಡೆವು. ಕಡಿಮೆ ದುಡ್ಡಿಗೆ ಬಂದಿದ್ದೇವೆ, ಸುಮ್ನೆ ಇರೋಣ ಅಂತ.

ಬಾತ್‌ರೂಮ್ ಸಣ್ಣದು. ಐದಡಿಗೆ ಆರಡಿ ಇದ್ದಿರಬಹುದು. ಗೋಡೆಗೆ ಗ್ಯಾಸ್ ಗೀಸರ್, ಕೆಳಗೆ ಮೂಲೆಯಲ್ಲಿ ಸಿಲಿಂಡರ್. ಮೇಲೆ ಗಾಳಿಕಿಂಡಿ ಇತ್ತು, ಆದರೆ ಇರಚಲು ಹೊಡೆಯುತ್ತದೆ ಅಂತ ಅದಕ್ಕೆ ಹೊರಗಿನಿಂದ ಪ್ಲಾಸ್ಟಿಕ್ ಶೀಟ್ ಬಡಿದಿದ್ದರು. ಅದರ ಪಕ್ಕ ಎಕ್ಸಾಸ್ಟ್ ಫ್ಯಾನ್. ಕರೆಂಟ್ ಇಲ್ಲದ ಮೇಲೆ ಅದು ತಿರುಗುವುದೆಲ್ಲಿ? ಗೀಸರ್ ಮಾತ್ರ ಎರಡು ಸೆಲ್ ಹಾಕಿದರೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಕರೆಂಟ್ ಬೇಡವೇ ಬೇಡ. ಕೊಡಗಿನ ಹೋಂಸ್ಟೇಗಳಲ್ಲಿ ಗ್ಯಾಸ್ ಗೀಸರ್ ಇಡುವುದಕ್ಕೆ ಕಾರಣವೂ ಇದೇ. ಮಳೆಗಾಲದಲ್ಲಿ ಕರೆಂಟ್ ನಂಬಿದರೆ ಅತಿಥಿಗಳಿಗೆ ಬಿಸಿನೀರು ಸಿಗುವುದಿಲ್ಲ. ಹಾಗಾಗಿ ಗಾಳಿ ಎಳೆಯುವ ಫ್ಯಾನ್ ನಿಂತಾಗಲೇ ಗ್ಯಾಸ್ ಗೀಸರ್ ಹೆಚ್ಚು ಉರಿಯುತ್ತದೆ. ನಾನು ಇದನ್ನೆಲ್ಲ ಯೋಚಿಸಿದ್ದು ಆಮೇಲೆ.

ಸಂಜೆ ಏಳರ ಹೊತ್ತಿಗೆ ನಮ್ಮವರು ಸ್ನಾನ ಮಾಡಿ ಬಂದರು. ಇಪ್ಪತ್ತು ನಿಮಿಷ ಆಗಿತ್ತು. "ಯಾಕೋ ತಲೆ ಭಾರ, ಘಾಟಿ ಹತ್ತಿದ್ದಕ್ಕೋ ಏನೋ" ಅಂದರು. ಹಿಂದೆಯೇ ಪುಟ್ಟಿಯನ್ನು ಕಳಿಸಿದೆ. ಬಿಸಿ ಹೋಗದಿರಲಿ ಅಂತ ಬಾಗಿಲು ಒತ್ತಿ ಹಾಕಿಕೋ ಅಂದವಳೂ ನಾನೇ. ಸ್ವಲ್ಪ ಹೊತ್ತು ಹಾಡು ಕೇಳಿಸುತ್ತಿತ್ತು. ಆಮೇಲೆ ನೀರಿನ ಶಬ್ದ ಮಾತ್ರ. ಕರೆದೆ, ಉತ್ತರ ಇಲ್ಲ. ಇನ್ನೊಂದು ಸಲ ಕರೆದೆ. ತಳ್ಳಿದೆ. ಚಿಲಕ ಕೂತಿರಲಿಲ್ಲವಲ್ಲ, ಬಾಗಿಲು ತೆರೆಯಿತು. ಮಗು ಗೋಡೆಗೆ ಒರಗಿ ಕೂತಿತ್ತು, ಕತ್ತು ಒಂದು ಕಡೆ ವಾಲಿತ್ತು. ಆ ಚಿಲಕ ಸರಿಯಾಗಿದ್ದಿದ್ದರೆ ಅಂತ ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಟವೆಲ್ ಸುತ್ತಿ ಹೊರಗಿನ ಜಗಲಿಗೆ ತಂದೆವು. ಮಳೆಯ ಗಾಳಿ ಮುಖಕ್ಕೆ ಬಡಿದ ಮೇಲೆ ಕಣ್ಣು ಬಿಟ್ಟಳು. ವಾಂತಿ ಮಾಡಿದಳು. "ಅಮ್ಮ, ಕಾಲಿಗೆ ಶಕ್ತಿನೇ ಇಲ್ಲ" ಅಂದಳು. ಗ್ಯಾಸ್ ಸೋರಿರಬೇಕು ಅಂತ ನಮ್ಮವರು ಒಳಗೆ ಹೋಗಿ ಮೂಸಿ ನೋಡಿದರು. ವಾಸನೆ ಏನೂ ಇಲ್ಲ. ಅತ್ತೆಯ ಬ್ಯಾಗಿನಲ್ಲಿ ಕೋವಿಡ್ ಕಾಲದಲ್ಲಿ ತಗೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಇತ್ತು. ಹಾಕಿ ನೋಡಿದರೆ 98. ನಮಗೆ ಜೀವ ಬಂದಂತಾಯಿತು. ಆಕ್ಸಿಜನ್ ಸರಿಯಾಗಿದೆ, ಪ್ರಯಾಣದ ಸುಸ್ತು, ಖಾಲಿ ಹೊಟ್ಟೆ, ಬಿಸಿನೀರು, ಅದಕ್ಕೇ ಹೀಗಾಗಿದೆ, ಮಲಗಿಸೋಣ ಅಂತ ತೀರ್ಮಾನಕ್ಕೆ ಬಂದಿದ್ದೆವು.

ಗಲಾಟೆ ಕೇಳಿ ಪಕ್ಕದ ತೋಟದ ಹಿರಿಯರೊಬ್ಬರು ಟಾರ್ಚ್ ಹಿಡಿದು ಬಂದರು. ಬಾತ್‌ರೂಮಿಗೆ ಟಾರ್ಚ್ ಬಿಟ್ಟು ನೋಡಿದರು. "ಒಳಗೇ ಇಟ್ಟಿದ್ದಾರಾ ಇದನ್ನ? ಮಗೂನ ಮಲಗಿಸ್ಬೇಡಿ ಅಮ್ಮ. ಆಸ್ಪತ್ರೆಗೆ ನಡೀರಿ, ನನ್ನ ಜೀಪ್ ಇದೆ" ಅಂದರು. "ಅಂಕಲ್, ಆಕ್ಸಿಜನ್ 98 ತೋರಿಸ್ತಿದೆ" ಅಂದೆ. "ಅದೆಲ್ಲ ನಂಗೆ ಗೊತ್ತಾಗಲ್ಲ. ಡಾಕ್ಟರ್ ಹೇಳ್ಲಿ" ಅಂದು ಜೀಪ್ ತರಲು ಹೋದರು. ಅವರ ಋಣ ನಾವು ತೀರಿಸಲು ಆಗುವುದಿಲ್ಲ.

ಆ ಮಳೆಯಲ್ಲಿ, ಆ ಮಂಜಿನಲ್ಲಿ ಮಡಿಕೇರಿ ಸರ್ಕಾರಿ ಆಸ್ಪತ್ರೆ ತಲುಪಲು ಒಂದು ಗಂಟೆಗೂ ಜಾಸ್ತಿ ಬೇಕಾಯಿತು. ಡ್ಯೂಟಿ ಡಾಕ್ಟರ್ ನಡೆದಿದ್ದು ಕೇಳಿದ ತಕ್ಷಣ ಮಗಳಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಶುರು ಮಾಡಿದರು. ನಮ್ಮವರಿಗೂ ಹಾಕಿದರು. ಆಮೇಲೆ ತಾಳ್ಮೆಯಿಂದ ನನಗೆ ಬಿಡಿಸಿ ಹೇಳಿದರು. ಅದನ್ನು ನೀವೂ ದಯವಿಟ್ಟು ನೆನಪಿಟ್ಟುಕೊಳ್ಳಿ.

ಗೀಸರ್ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಬೇಗ ಕಡಿಮೆಯಾಗುತ್ತದೆ. ಆಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದರೆ ನಮಗೆ ಗೊತ್ತಾಗುವುದು ಕಂಪನಿಯವರು ಅದಕ್ಕೆ ಬೇಕಂತಲೇ ವಾಸನೆ ಬೆರೆಸುವುದರಿಂದ. ಈ ವಿಷಗಾಳಿಗೆ ಯಾರು ವಾಸನೆ ಬೆರೆಸುತ್ತಾರೆ? ಇದು ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ. ಆಕ್ಸಿಜನ್‌ಗಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮನೆಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ವಿಷ ಸೇರಿದ ರಕ್ತಕ್ಕೂ 98 ಅಂತಲೇ ತೋರಿಸಬಹುದು. ನಾವು ಅದನ್ನು ನಂಬಿ ಮಗುವನ್ನು ಮಲಗಿಸಲು ಹೊರಟಿದ್ದೆವು. ಬರೀ ಹೊರಗಿನ ಗಾಳಿಯಲ್ಲಿದ್ದರೆ ಆ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕಂತೆ. ಮಾಸ್ಕಿನ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ. ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಅವರಿಗೆ ಬೇಗ ಹತ್ತುತ್ತದೆ. ಗಂಡ ಇಪ್ಪತ್ತು ನಿಮಿಷ ಗೀಸರ್ ಉರಿಸಿದ ಕೋಣೆಗೆ ನಾನು ಮಗಳನ್ನು ಕಳಿಸಿದ್ದೆ. ಅವರ ತಲೆಭಾರವೇ ಮೊದಲ ಸೂಚನೆ ಆಗಿತ್ತು.

ಮಾರನೆಯ ದಿನ ಸಾಮಾನು ತರಲು ಹೋದಾಗ ಹಗಲು ಬೆಳಕಿನಲ್ಲಿ ಇನ್ನೊಂದು ವಿಷಯ ಕಂಡಿತು. ನಮ್ಮ ರೂಮು ಹಳೆಯ ಮನೆಗೆ ಸೇರಿದ್ದಲ್ಲ. ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಆ ಜಾಗದಲ್ಲಿ ಹೊಸದಾಗಿ ಕಟ್ಟಿದ್ದು. ಕಿಟಕಿಯಿಂದ ನಾಲ್ಕಡಿ ದೂರಕ್ಕೆ ಹದಿನೈದು ಅಡಿ ಎತ್ತರದ ಬರೆ, ಅಂದರೆ ಕಡಿದು ಬಿಟ್ಟ ಮಣ್ಣಿನ ಗೋಡೆ. ತಡೆಗೋಡೆ ಇಲ್ಲ, ನೀಲಿ ಟಾರ್ಪಾಲು ಹೊದೆಸಿದ್ದಾರೆ ಅಷ್ಟೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು. ಇಷ್ಟೆಲ್ಲ ಆದ ಊರಿನಲ್ಲಿ ಬರೆಯ ಬುಡಕ್ಕೆ ಹಾಸಿಗೆ ಹಾಕಿ ಜನರನ್ನು ಮಲಗಿಸುತ್ತಾರೆ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಹೋಗುವವರು ರೂಮಿನ ಮುಂದಿನ ನೋಟದ ಜೊತೆ ಹಿಂದಿನ ಫೋಟೋವನ್ನೂ ಕೇಳಿ ತರಿಸಿಕೊಳ್ಳಿ.

ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಇಪ್ಪತ್ತೊಂದು ವರ್ಷ, ಅಸ್ಸಾಮಿನವನು, ಕೆಲಸಕ್ಕೆ ಸೇರಿ ಮೂರು ತಿಂಗಳು. ಅವನನ್ನು ನಾನು ದೂರುವುದಿಲ್ಲ. ಗೀಸರ್ ಬಗ್ಗೆ ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನೂ ಅದೇ ಥರದ ಬಾತ್‌ರೂಮಿನಲ್ಲಿ ಸ್ನಾನ ಮಾಡುತ್ತಿದ್ದ. ಮಾಲೀಕರು ಇರುವುದು ಬೆಂಗಳೂರಿನಲ್ಲಿ. ಜಾಗ ಬೇರೆಯವರಿಗೆ ಲೀಸ್‌ಗೆ ಕೊಟ್ಟಿದ್ದಾರೆ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು ಅಲ್ವಾ? ಮನೆಯವರ ಮಕ್ಕಳು ಅದೇ ಬಾತ್‌ರೂಮಿಗೆ ಹೋಗುತ್ತಿದ್ದರೆ ಗಾಳಿಕಿಂಡಿಗೆ ಪ್ಲಾಸ್ಟಿಕ್ ಬಡಿಯುತ್ತಿದ್ದರಾ? ಪಕ್ಕದ ತೋಟದ ಅಂಕಲ್ ತಮ್ಮ ಮನೆಯ ಬಚ್ಚಲು ತೋರಿಸಿದರು. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ. ಸೌದೆ ಹಾಕುವುದು ಹೊರಗಿನಿಂದ, ಹೊಗೆ ಹೋಗುವುದೂ ಹೊರಕ್ಕೆ.

ನೋಂದಣಿ ಸಂಖ್ಯೆ ಕೇಳಿದರೆ ಲೀಸ್‌ಗೆ ತಗೊಂಡವರು "ಪ್ರೋಸೆಸ್‌ನಲ್ಲಿದೆ ಮೇಡಂ" ಅಂದರು. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ದುಡ್ಡು ಕಳಿಸುವ ಮುಂಚೆ ಆ ಪತ್ರದ ಫೋಟೋ ಕೇಳಿ. ನೋಂದಣಿ ಇದ್ದ ಮಾತ್ರಕ್ಕೆ ಗೀಸರ್ ಸರಿ ಇರುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಪತ್ರ ಕೇಳಿದಾಗ ಅವರು ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲೇ ತುಂಬಾ ತಿಳಿಯುತ್ತದೆ. ಆಮೇಲೆ ಬಿಸಿನೀರು ಹೇಗೆ ಅಂತ ಕೇಳಿ. ಗ್ಯಾಸ್ ಅಂದರೆ, ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಡೆ ಇದ್ದು ನೀರಿನ ಪೈಪ್ ಮಾತ್ರ ಒಳಗೆ ಬರುತ್ತದಾ ಅಂತ ಕೇಳಿ, ಬಾತ್‌ರೂಮಿನ ವಿಡಿಯೋ ತರಿಸಿಕೊಳ್ಳಿ. ಹೋದ ಮೇಲೆ ಒಳಗೇ ಇರುವುದು ಗೊತ್ತಾದರೆ ಬಕೆಟಿಗೆ ನೀರು ಹಿಡಿದು, ಗೀಸರ್ ಆಫ್ ಮಾಡಿ, ಬಾಗಿಲು ತೆಗೆದು ಗಾಳಿ ಆಡಿದ ಮೇಲೆ ಸ್ನಾನ ಮಾಡಿ. ಅಥವಾ ಒಂದು ದಿನ ಸ್ನಾನ ಬಿಡಿ, ಏನೂ ಆಗುವುದಿಲ್ಲ. ಗೀಸರಿನ ಜ್ವಾಲೆ ನೀಲಿ ಇರಬೇಕು, ಹಳದಿ ಕಂಡರೆ ಮುಟ್ಟಲೇಬೇಡಿ. ಆದರೆ ನೀಲಿ ಇದೆ ಅಂತ ಮುಚ್ಚಿದ ಕೋಣೆಯನ್ನು ನಂಬಲೂ ಬೇಡಿ. ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ ಅಂದರೆ ಮೊದಲು ಬಯಲಿಗೆ ಕರೆದುಕೊಂಡು ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ. ಸಿಗ್ನಲ್ ಇಲ್ಲದ ಕಡೆ ಅಕ್ಕಪಕ್ಕದ ಮನೆ ಯಾವುದು, ಯಾರ ಹತ್ತಿರ ಜೀಪ್ ಇದೆ ಅಂತ ಹೋದ ತಕ್ಷಣ ತಿಳಿದುಕೊಂಡಿರಿ.

ಹೋಂಸ್ಟೇ ಹೆಸರು ಇಲ್ಲಿ ಹಾಕುತ್ತಿಲ್ಲ. ಪ್ರವಾಸೋದ್ಯಮ ಇಲಾಖೆಗೆ ದೂರು ಬರೆದು ಕೊಟ್ಟಿದ್ದೇನೆ, ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಅಡ್ವಾನ್ಸ್ ವಾಪಸ್ ಕೊಟ್ಟರು. ನನಗೆ ಬೇಕಾಗಿದ್ದು ಆ ದುಡ್ಡಲ್ಲ, ಆ ಪ್ಲಾಸ್ಟಿಕ್ ಶೀಟ್ ಕಿತ್ತು ಗೀಸರನ್ನು ಹೊರಗೆ ಹಾಕಬೇಕು ಅಂತ ಕೇಳಿದೆ. ಮಾಡಿಸುತ್ತೇವೆ ಅಂದರು. ಮೊನ್ನೆ ಆ ಅಸ್ಸಾಮಿನ ಹುಡುಗ ಫೋಟೋ ಕಳಿಸಿದ್ದ. ನಾವಿದ್ದ ರೂಮಿನ ಗೀಸರ್ ಹೊರಗಿನ ಗೋಡೆಗೆ ಬಂದಿದೆ. ಉಳಿದ ಎರಡು ರೂಮುಗಳಲ್ಲಿ ಇನ್ನೂ ಒಳಗೇ ಇದೆ. "ಈ ಶನಿವಾರ ಎರಡೂ ಬುಕ್ ಆಗಿವೆ ದೀದಿ" ಅಂತ ಬರೆದಿದ್ದ.