ಬೇಸಿಗೆ ಚಿತ್ರಗಳ ಗೆಲುವಿನ ಅಂದಾಜು: ಟ್ರೇಲರ್, ಮುಂಗಡ ಬುಕಿಂಗ್, ಮೊದಲ ಸೋಮವಾರ

ಕಾಸರಗೋಡಿನಲ್ಲಿ ಬೇಸಿಗೆ ಚಿತ್ರಗಳ ಹಂಗಾಮು ಏಪ್ರಿಲ್ ನಡುವಿನ ವಿಷು ಹಬ್ಬದ ಆಸುಪಾಸಿನಲ್ಲಿ ಏರಿ, ಜೂನ್ ತಿಂಗಳಲ್ಲಿ ಶಾಲೆ ತೆರೆದು ಮಳೆ ಹಿಡಿಯುವ ಹೊತ್ತಿಗೆ ಇಳಿಯುತ್ತದೆ. ಮಲಯಾಳ, ಕನ್ನಡ, ತಮಿಳು ಚಿತ್ರಗಳು ಒಂದೇ ಊರಿನ ಪ್ರೇಕ್ಷಕರಿಗಾಗಿ ಪೈಪೋಟಿ ನಡೆಸುವ ಈ ದಿನಗಳಲ್ಲಿ ಯಾವುದು ಗೆದ್ದೀತೆಂದು ಊಹಿಸುವುದು ನನಗೂ ಗೆಳೆಯರಿಗೂ ಹಳೆಯ ಹವ್ಯಾಸ. ಟ್ರೇಲರ್ ವೀಕ್ಷಣೆ, ಮುಂಗಡ ಬುಕಿಂಗ್, ಮೊದಲ ಸೋಮವಾರದ ಗಳಿಕೆ ಎಂಬ ಮೂರು ಆಧಾರಗಳ ಮೇಲೆ ಬೇರೆ ಬೇರೆಯಾಗಿ ಅಂದಾಜು ಬರೆದಿಟ್ಟು, ಚಿತ್ರದ ಓಟ ಮುಗಿದ ಮೇಲೆ ತಾಳೆ ನೋಡುತ್ತ ಬಂದಿದ್ದೇನೆ.

ಮೂರರಲ್ಲಿ ಟ್ರೇಲರ್ ಅತ್ಯಂತ ದುರ್ಬಲ. 2022ರ ಏಪ್ರಿಲ್ 13ರಂದು ‘ಬೀಸ್ಟ್’, ಮರುದಿನ ‘ಕೆಜಿಎಫ್ ಚಾಪ್ಟರ್ 2’ ತೆರೆಕಂಡವು. ಎರಡರ ಟ್ರೇಲರ್‌ಗಳನ್ನೂ ಜನ ಕೋಟಿಗಟ್ಟಲೆ ಸಲ ನೋಡಿದ್ದರು. ಆದರೆ ಕನ್ನಡದ ಚಿತ್ರ ಜಗತ್ತಿನಾದ್ಯಂತ 1,000 ಕೋಟಿ ರೂಪಾಯಿ ದಾಟಿತು, ತಮಿಳಿನದು ಆರಂಭದ ಅಬ್ಬರದ ನಂತರ ಬೇಗನೆ ಇಳಿಯಿತು. ಟ್ರೇಲರ್ ನೋಡಲು ದುಡ್ಡು ಬೇಕಿಲ್ಲ, ಅಭಿಮಾನಿಯೊಬ್ಬ ಹತ್ತು ಸಲ ನೋಡಿದರೂ ಅವನು ಕೊಳ್ಳುವ ಟಿಕೆಟ್ ಒಂದೇ.

ಮುಂಗಡ ಬುಕಿಂಗ್‌ನಲ್ಲಿ ಜನ ಹಣ ತೆತ್ತಿರುತ್ತಾರಾದ್ದರಿಂದ ಅದಕ್ಕೆ ಹೆಚ್ಚು ಬೆಲೆಯಿದೆ, ಮತ್ತು ಮೊದಲ ದಿನದ ಗಳಿಕೆಯನ್ನು ಅದರಷ್ಟು ಸರಿಯಾಗಿ ಬೇರಾವುದೂ ಹೇಳದು. ಆದರೆ ಅದು ಅಳೆಯುವುದು ನಟನ ಆಕರ್ಷಣೆಯನ್ನೇ ಹೊರತು ಚಿತ್ರದ ಸತ್ವವನ್ನಲ್ಲ. ಇದಕ್ಕೆ 2025ಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ಮೋಹನ್‌ಲಾಲ್ ಅವರ ‘ಎಂಪುರಾನ್’ ಮಾರ್ಚ್ 27ರಂದು ಅಸಾಧಾರಣ ಮುಂಗಡ ಮಾರಾಟದೊಂದಿಗೆ ಮಲಯಾಳದಲ್ಲಿ ಆರಂಭದ ದಾಖಲೆ ಬರೆಯಿತು. ಏಪ್ರಿಲ್ 25ರಂದು ಅವರದೇ ‘ತುಡರುಂ’ ಅಂಥ ಗದ್ದಲವಿಲ್ಲದೆ ಬಂದು, ಕೇರಳವೊಂದರಲ್ಲೇ 100 ಕೋಟಿ ರೂಪಾಯಿ ಗಳಿಸಿದ ಮೊದಲ ಚಿತ್ರವಾಯಿತು. 2023ರ ಮೇ 5ರಂದು ಬಂದ, ಕೇರಳದ ಮಹಾಪ್ರವಾಹದ ಕಥೆಯ ‘2018’ ಕೂಡ ಹೀಗೆಯೇ ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದ ಗೆದ್ದಿತು. ಬಿಡುಗಡೆಗೆ ಮೊದಲೇ ಟಿಕೆಟ್ ಕಾಯ್ದಿರಿಸುವವರಲ್ಲಿ ಅಭಿಮಾನಿಗಳೂ ನಗರದ ಯುವಕರೂ ಹೆಚ್ಚು. ಕುಂಬಳೆ, ಬದಿಯಡ್ಕದ ಕಡೆಯ ಸಂಸಾರಗಳು ನೋಡಿ ಬಂದ ನೆಂಟರ ಮಾತು ಕೇಳಿದ ಮೇಲೆಯೇ ಹೊರಡುತ್ತವೆ. ಚಿತ್ರವನ್ನು ಎರಡನೆಯ ವಾರಕ್ಕೆ ದಾಟಿಸುವವರು ಅವರೇ.

ಆ ಮಾತಿನ ಪರಿಣಾಮ ಮೊದಲು ಕಾಣಿಸಿಕೊಳ್ಳುವುದು ಸೋಮವಾರದ ಗಳಿಕೆಯಲ್ಲಿ. ಶುಕ್ರವಾರ ಬಿಡುಗಡೆಯಾದ ಚಿತ್ರದ ಸೋಮವಾರದ ಗಳಿಕೆ ಮೊದಲ ದಿನದ ಅರ್ಧಕ್ಕಿಂತ ಮೇಲಿದ್ದರೆ ಓಟ ದೀರ್ಘವೆಂದೂ, ಮೂರನೆಯ ಒಂದು ಭಾಗಕ್ಕಿಂತ ಕೆಳಗಿದ್ದರೆ ಮುಂದಿನ ವಾರ ಪ್ರದರ್ಶನಗಳು ಕಡಿತಗೊಳ್ಳುತ್ತವೆಂದೂ ನಾನು ಲೆಕ್ಕ ಹಾಕುತ್ತೇನೆ. ಅಮೆರಿಕದಲ್ಲಿ ಇದೇ ವಿಚಾರವನ್ನು ಮೊದಲ ವಾರಾಂತ್ಯಕ್ಕೂ ಒಟ್ಟು ಗಳಿಕೆಗೂ ಇರುವ ಅನುಪಾತದಿಂದ ನೋಡುತ್ತಾರೆ. 2022ರ ಮೇ ತಿಂಗಳ ‘ಟಾಪ್ ಗನ್: ಮ್ಯಾವೆರಿಕ್’ ಅಲ್ಲಿ ಮೊದಲ ಮೂರು ದಿನಗಳಲ್ಲಿ ಸುಮಾರು 12.7 ಕೋಟಿ ಡಾಲರ್ ಗಳಿಸಿ, ಕೊನೆಗೆ ಸುಮಾರು 71.8 ಕೋಟಿ ಮುಟ್ಟಿತು. 2023ರ ಜೂನ್‌ನ ‘ದಿ ಫ್ಲ್ಯಾಶ್’ 5.5 ಕೋಟಿಯಿಂದ ಹೊರಟು 10.8 ಕೋಟಿಗೇ ನಿಂತಿತು. ಬಿಡುಗಡೆಯ ದಿನದ ಪ್ರೇಕ್ಷಕರಿಂದ ಅಂಕ ಸಂಗ್ರಹಿಸುವ ಸಿನಿಮಾಸ್ಕೋರ್‌ನಲ್ಲಿ ಮೊದಲನೆಯದಕ್ಕೆ ಎ ಪ್ಲಸ್, ಎರಡನೆಯದಕ್ಕೆ ಬಿ ಬಂದಿತ್ತು.

ನಮ್ಮಲ್ಲಿ ಸೋಮವಾರವನ್ನು ಪಂಚಾಂಗ ನೋಡಿಯೇ ಬಳಸಬೇಕು. 2025ರಲ್ಲಿ ವಿಷುವೇ ಸೋಮವಾರ ಬಂದುದರಿಂದ, ಏಪ್ರಿಲ್ 10ರಂದು ಒಟ್ಟಿಗೆ ತೆರೆಕಂಡ ‘ಬಜೂಕಾ’, ‘ಆಲಪ್ಪುಳ ಜಿಮ್ಖಾನಾ’, ‘ಮರಣಮಾಸ್’ ಚಿತ್ರಗಳನ್ನು ಆ ದಿನದ ಗಳಿಕೆಯಿಂದ ಅಳೆಯುವಂತಿರಲಿಲ್ಲ. ರಜೆಯ ಗುಂಗು ಇಳಿದ ಮೇಲಿನ ದಿನಗಳೇ ನಿಜ ಹೇಳುತ್ತಿದ್ದವು. ತುಳುನಾಡಿನ ಉತ್ಸವಗಳ ಹಂಗಾಮು ಮುಗಿಯುವ, ಮೇ ಕೊನೆಯ ಹೊತ್ತಿನ ಪತ್ತನಾಜೆಯವರೆಗೆ ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ಆಟ ರಾತ್ರಿಯಿಡೀ ಇರುವುದರಿಂದ ಇಲ್ಲಿನ ರಾತ್ರಿ ಪ್ರದರ್ಶನದ ಖಾಲಿ ಕುರ್ಚಿಗಳನ್ನು ಕಂಡು ಚಿತ್ರ ಸೋತಿತೆಂದು ತೀರ್ಮಾನಿಸುವುದೂ ಸರಿಯಲ್ಲ.

ಮೊದಲ ದಿನದ ಪ್ರಶ್ನೆಗೆ ಮುಂಗಡ ಬುಕಿಂಗ್, ಒಟ್ಟು ಗಳಿಕೆಯ ಪ್ರಶ್ನೆಗೆ ಸೋಮವಾರ ಎಂಬುದು ನನ್ನ ಆಯ್ಕೆ. ಟ್ರೇಲರ್‌ನ ಸಂಖ್ಯೆಯನ್ನು ಈಗ ಬರೆದಿಡುವುದೇ ಇಲ್ಲ. ಸೋಮವಾರದವರೆಗೆ ಕಾಯಲು ಮನಸ್ಸಿಲ್ಲದವರು ಭಾನುವಾರ ರಾತ್ರಿಯೇ ಬುಕ್‌ಮೈಶೋ ತೆರೆದು, ಮರುದಿನದ ಮ್ಯಾಟಿನಿ ಮತ್ತು ಸಂಜೆಯ ಪ್ರದರ್ಶನಗಳಲ್ಲಿ ಎಷ್ಟು ಸೀಟು ತುಂಬಿವೆಯೆಂದು ಕಾಸರಗೋಡು, ಕಣ್ಣೂರು, ಮಂಗಳೂರುಗಳಲ್ಲಿ ಹೋಲಿಸಿ ನೋಡಬಹುದು.