ಕಿಡ್ನಿ ಸೋತ ಮುದಿ ನಾಯಿಗೆ ಡ್ರಿಪ್: ಕ್ಲಿನಿಕ್ಕಿನ ಮೇಜೋ, ಮನೆಯ ಜಗಲಿಯೋ?

ಹದಿಮೂರು ದಾಟಿದ ನಮ್ಮ ಕೆಂಚ ಅಪ್ಪಟ ಬೀದಿ ತಳಿಯವನು. ಅವನಿಗೀಗ ಕಿಡ್ನಿ ಕಾಯಿಲೆಯ ಮೂರನೇ ಹಂತ. ಎಂದರೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ) 2.9ರಿಂದ 5ರ ನಡುವೆ. ಕಿಡ್ನಿಯ ಶಕ್ತಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋದ ಮೇಲೆಯೇ ಈ ಅಂಕಿ ಏರುವುದರಿಂದ ಗುಣವಾಗುವ ಮಾತಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳುವುದಷ್ಟೆ. ಕುಡಿದ ನೀರೆಲ್ಲ ಮೂತ್ರವಾಗಿ ಹೋಗುವ ಇಂಥ ನಾಯಿಗೆ ದ್ರವ ಕೊಡಲು ಎರಡು ದಾರಿಗಳಿವೆ. ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ.

ಕ್ಲಿನಿಕ್ಕಿನಲ್ಲಿ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಗಂಟೆಗಟ್ಟಲೆ ಹನಿಹನಿಯಾಗಿ ಹರಿಸುತ್ತಾರೆ. ವಾಂತಿ ನಿಲ್ಲದೆ, ಬಾಯಿಯಿಂದ ಅಮೋನಿಯಾದ ಘಾಟು ಹೊಡೆಯುತ್ತ, ತಲೆ ಎತ್ತದೆ ಮಲಗಿದಾಗ ಇದಕ್ಕೆ ಬದಲಿಯೇ ಇಲ್ಲ. ನೇರ ರಕ್ತಕ್ಕೆ ಸೇರುವ ದ್ರವ ಮಾಡುವ ಕೆಲಸವನ್ನು ಚರ್ಮದಡಿಯ ದ್ರವ ಮಾಡಲಾರದು. ಆದರೆ ಕೆಂಚನಿಗೆ ಆ ಸ್ಟೀಲ್ ಮೇಜು ಕಂಡರೆ ಮೈಯೆಲ್ಲ ನಡುಕ. ಆಟೋದಲ್ಲಿ ಹೋಗಿ, ಕಾದು, ಡ್ರಿಪ್ ಮುಗಿಸಿ ಬಂದ ದಿನ ಅವನು ಊಟದ ತಟ್ಟೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ದಿನ ಎಣಿಸುತ್ತಿರುವ ನಾಯಿಗೆ ಒಂದು ಹೊತ್ತಿನ ಊಟ ತಪ್ಪುವುದು ಸಣ್ಣ ಸಂಗತಿಯಲ್ಲ.

ಮನೆಯಲ್ಲಾದರೆ ಭುಜದ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಸೂಜಿ ಹಾಕುವುದು. ಬಾಟಲಿ ಕಿಟಕಿಯ ಸರಳಿಗೆ ತೂಗುತ್ತದೆ, ಅವನು ತನ್ನ ಚಾಪೆಯ ಮೇಲೆ ಮಲಗಿರುತ್ತಾನೆ. ಬಾಟಲಿಯನ್ನು ಮೊದಲು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡರೆ ಅರ್ಧ ಜಗಳ ಮುಗಿದಂತೆ. ಸೂಜಿಗಳಲ್ಲಿ 20 ಗೇಜಿನದು ತೆಳ್ಳಗೆ, ಚುಚ್ಚಿದ್ದು ತಿಳಿಯುವುದಿಲ್ಲ, ಆದರೆ ನಿಧಾನ; ಅಷ್ಟರಲ್ಲಿ ಅವನಿಗೆ ಬೇಸರ ಬಂದು ಎದ್ದುಬಿಡುತ್ತಾನೆ. 18ರದು ದಪ್ಪಗಿದ್ದರೂ ಬೇಗ ಮುಗಿಯುವುದರಿಂದ ಅದೇ ನಮಗೆ ಒಗ್ಗಿತು. ಮುಗಿದ ಮೇಲೆ ಬೆನ್ನಿನ ಮೇಲೆ ಒಂಟೆಯ ಡುಬ್ಬದಂಥ ಉಬ್ಬು ಏಳುತ್ತದೆ. ಕೆಲವು ಗಂಟೆಗಳಲ್ಲಿ ಅದು ಮುಂಗಾಲಿನತ್ತ ಜಾರಿ ಕರಗುತ್ತದೆ, ಗಾಬರಿ ಬೇಡ.

ಬಾಟಲಿಯ ಚೀಟಿ ಮಾತ್ರ ಓದಿಯೇ ಕೊಳ್ಳಿ. ನಮಗೆ ಬರೆದುಕೊಟ್ಟದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಪಕ್ಕದ ಮನೆಯವರು "ನಾಯಿಗೂ ಗ್ಲೂಕೋಸಾ?" ಎಂದು ನಕ್ಕರು, ಆದರೆ ಗ್ಲೂಕೋಸ್ ಬಾಟಲಿ ಚರ್ಮದಡಿಗೆ ಸಲ್ಲುವುದೇ ಇಲ್ಲ. ಪ್ರಮಾಣವನ್ನೂ ವೈದ್ಯರೇ ಹೇಳಬೇಕು. ಹೃದಯ ದುರ್ಬಲವಾಗಿರುವ ನಾಯಿಗೆ ಹೆಚ್ಚಾದ ದ್ರವ ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಖರ್ಚಿನ ಹೋಲಿಕೆ ಬೇಕೇ ಇಲ್ಲ, ಮನೆಯದು ಬಹಳ ಅಗ್ಗ. ನನ್ನ ಒಲವು ಸ್ಪಷ್ಟ: ಕೆಟ್ಟ ದಿನಗಳಿಗೆ ಕ್ಲಿನಿಕ್, ಉಳಿದೆಲ್ಲ ದಿನಗಳಿಗೆ ಜಗಲಿ.

ಊಟದ ವಿಷಯ ಇಷ್ಟು ಸಲೀಸಲ್ಲ. ಕಿಡ್ನಿ ನಾಯಿಗಳಿಗೆಂದೇ ಬರುವ ರಾಯಲ್ ಕ್ಯಾನಿನ್, ಹಿಲ್ಸ್ ಕಂಪನಿಗಳ ಒಣ ಆಹಾರದಲ್ಲಿ ಸೋತ ಕಿಡ್ನಿ ಹೊರಹಾಕಲಾರದ ರಂಜಕ (ಫಾಸ್ಫರಸ್) ಕಡಿಮೆ, ಬೇಕಾದ ಜೀವಸತ್ವಗಳ ಲೆಕ್ಕವೂ ಸರಿಯಾಗಿರುತ್ತದೆ. ಗುಣದಲ್ಲಿ ಅದೇ ಮೇಲು ಎಂದು ಒಪ್ಪುತ್ತೇನೆ. ಆದರೆ ಓಕರಿಕೆ ಇರುವ ನಾಯಿ ಮೂಸಿ ಹೊರಟುಹೋದರೆ ಆ ಲೆಕ್ಕ ತಟ್ಟೆಯಲ್ಲೇ ಉಳಿಯುತ್ತದೆ. ಕೆಂಚ ತಿನ್ನುವುದು ಬಿಳಿ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಸ್ವಲ್ಪ ಕೋಳಿ ಮಾಂಸ. ಹಳದಿ ಭಾಗದಲ್ಲಿ ರಂಜಕ ತುಂಬ ಹೆಚ್ಚು, ಅದು ನಮ್ಮ ಪಾಲಿಗೆ. ಹುಟ್ಟಿದಾಗಿನಿಂದ ತಿಂದ ರಾಗಿ ಮುದ್ದೆಯನ್ನೂ ಬಿಡಿಸಬೇಕಾಯಿತು, ಬಿಳಿ ಅಕ್ಕಿಗಿಂತ ರಾಗಿಯಲ್ಲಿ ರಂಜಕ ಜಾಸ್ತಿ. ಮೂಳೆಯಂತೂ ದೂರವೇ. ಬರೀ ಮನೆಯೂಟದಲ್ಲಿ ಸುಣ್ಣದಂಶ ಮತ್ತು ಜೀವಸತ್ವಗಳ ಕೊರತೆ ಆಗುವುದರಿಂದ ಅದಕ್ಕೆ ಪೂರಕಗಳನ್ನು ವೈದ್ಯರಿಂದ ಬರೆಸಿಕೊಂಡಿದ್ದೇವೆ.

ರಂಜಕ ಹಿಡಿಯುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಊಟದಲ್ಲೇ ಬೆರೆತಿರಬೇಕು, ಬೇರೆ ಹೊತ್ತಿಗೆ ಕೊಟ್ಟರೆ ವ್ಯರ್ಥ. ಮನೆಯಲ್ಲಿರುವ ಆಮ್ಲಪಿತ್ತದ ಜೆಲ್ ಸುರಿಯಬೇಡಿ, ಹಲವುದರಲ್ಲಿ ಮೆಗ್ನೀಸಿಯಂ ಇರುತ್ತದೆ, ಸೋತ ಕಿಡ್ನಿಗೆ ಅದು ಭಾರ. ಒಣ ಆಹಾರದ ಮೇಲೆ ಈ ಔಷಧ ಹಾಕಿದರೆ ಕೆಂಚ ಕೂಡಲೇ ಪತ್ತೆ ಹಚ್ಚುತ್ತಾನೆ. ಅನ್ನದಲ್ಲಿ ಕಲಸಿದರೆ ಅವನಿಗೆ ಗೊತ್ತೇ ಆಗುವುದಿಲ್ಲ.