ಲಾರಿ ಸೆಲ್ಫ್ ಎತ್ತಲಿಲ್ಲ ಅಂದ್ರೆ: ಬಲ್ಬಾ, ಮೀಟರಾ, ಹೈಡ್ರೋಮೀಟರಾ?

ಮಲೆನಾಡಿನ ಮಳೆಗಾಲದಲ್ಲಿ ಲಾರಿ ಬ್ಯಾಟರಿಗೆ ಬಿಡುವೇ ಸಿಗುವುದಿಲ್ಲ. ಹಗಲಲ್ಲೂ ಹೆಡ್‌ಲೈಟ್, ಬಿಡದೆ ಓಡುವ ವೈಪರ್, ಹುಲಿಕಲ್ ಘಾಟಿಯಲ್ಲಿ ಮಂಜು ಇಳಿದರೆ ಫಾಗ್ ಲ್ಯಾಂಪ್ ಬೇರೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಅಷ್ಟೇ; ಇಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಎತ್ತುವುದಿಲ್ಲ. ಸುತ್ತ ನಿಂತವರೆಲ್ಲ ಹೇಳುವುದು ಒಂದೇ: "ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ." ಲಾರಿಗೆ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್, ಬದಲಾಯಿಸಿದರೆ ಜೋಡಿಯನ್ನೇ ಬದಲಾಯಿಸಬೇಕು. ಸುಮ್ನೆ ಅಷ್ಟು ದುಡ್ಡು ಸುರಿಯುವ ಮೊದಲು ಪರೀಕ್ಷೆ ಮಾಡಬಾರದಾ? ಸಾಗರದಲ್ಲಿ ನನ್ನ ಆರು ಚಕ್ರದ ಗಾಡಿಯ ಮೇಲೆ ಬಲ್ಬ್, ಮಲ್ಟಿಮೀಟರ್, ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಈ ಮೂರನ್ನೂ ಬಳಸಿ ನೋಡಿದ್ದೇನೆ.

ಬಲ್ಬ್ ಅಂದರೆ ಗೊತ್ತಲ್ಲ, ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ 24 ವೋಲ್ಟಿನ 21 ವ್ಯಾಟ್ ಬಲ್ಬ್. ಹಳೇ ಎಲೆಕ್ಟ್ರಿಷಿಯನ್‌ಗಳು ಇದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದಕ್ಕೆ ಕಾರಣವೂ ಇದೆ. ನನ್ನ ಗಾಡಿಯ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಒಮ್ಮೆ ಚಾರ್ಜ್ ಕೊಡುತ್ತಿತ್ತು, ಒಮ್ಮೆ ಇಲ್ಲ. ಡೈನಮೋಗೆ ಹೋಗುವ ಸಣ್ಣ ಫೀಲ್ಡ್ ವೈರಿಗೆ ಮೀಟರ್ ಇಟ್ಟರೆ 25 ವೋಲ್ಟ್ ತೋರಿಸಿತು. ಅದೇ ಜಾಗಕ್ಕೆ ಬಲ್ಬ್ ಇಟ್ಟರೆ ಬಲ್ಬಿನೊಳಗಿನ ತಂತಿ ಮಾತ್ರ ಮಂಕಾಗಿ ಕೆಂಪಾಯಿತು. ವೈರಿನ ಪ್ಲಾಸ್ಟಿಕ್ ಸುಲಿದು ನೋಡಿದರೆ ಒಳಗೆ ತಾಮ್ರವೆಲ್ಲ ಕಪ್ಪು ಪುಡಿ, ಎರಡೋ ಮೂರೋ ಎಳೆ ಉಳಿದಿತ್ತು. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ಹೆಚ್ಚುಕಡಿಮೆ ಒಂದು ಆಂಪ್ ಎಳೆಯುತ್ತದೆ, ಅಲ್ಲೇ ಗುಟ್ಟು ಬಯಲಾಗುತ್ತದೆ.

ಆದರೆ ಬ್ಯಾಟರಿ ಅರ್ಧ ಖಾಲಿಯೋ ಪೂರ್ತಿ ತುಂಬಿದೆಯೋ ಅನ್ನುವುದು ಬಲ್ಬಿನ ಬೆಳಕಲ್ಲಿ ತಿಳಿಯುವುದಿಲ್ಲ. ಬಿಎಸ್-6 (ಹೊಸ ಮಾಲಿನ್ಯ ನಿಯಮದ) ಗಾಡಿಗಳಲ್ಲಿ ಸೆನ್ಸರ್ ವೈರಿಗೋ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ವೈರಿಗೋ ಇದನ್ನು ಚುಚ್ಚಲೇಬೇಡಿ. ಅಷ್ಟು ಕರೆಂಟ್ ತಾಳುವ ವೈರುಗಳಲ್ಲ ಅವು.

ನನ್ನ ಓಟು ಮೀಟರಿಗೆ. ರಾತ್ರಿ ನಿಂತ ಗಾಡಿಯಲ್ಲಿ ಎರಡೂ ಬ್ಯಾಟರಿ ಸೇರಿ 25.2 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಚಾರ್ಜ್ ಪೂರ್ತಿ ಇದೆ. 24.4 ಅಂದರೆ ಸುಮಾರು ಅರ್ಧ. ಇಂಜಿನ್ ಓಡುವಾಗ 27.5ರಿಂದ 28.5ರ ಆಸುಪಾಸು ಬರಬೇಕು. ಲೈಟ್, ವೈಪರ್ ಎಲ್ಲ ಹಾಕಿ ರೇಸ್ ಕೊಟ್ಟರೂ 26 ದಾಟಲಿಲ್ಲವೆಂದರೆ ಮೊದಲು ಬೆಲ್ಟ್ ಮುಟ್ಟಿ ನೋಡಿ, ಆಮೇಲೆ ಡೈನಮೋದ ಕಾರ್ಬನ್ ಬ್ರಷ್, ಕಟೌಟ್ (ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್), ಡಯೋಡ್.

ಇಷ್ಟು ಎಲ್ಲರೂ ನೋಡುತ್ತಾರೆ. ಮೀಟರಿನ ನಿಜವಾದ ಕೆಲಸ ಸೆಲ್ಫ್ ಹೊಡೆಯುವಾಗ. ಮೀಟರಿನ ಒಂದು ಕಡ್ಡಿಯನ್ನು ಅರ್ತ್ ಕಡೆಯ ಬ್ಯಾಟರಿಯ ಮೈನಸ್ ಕಂಬದ ಮೇಲೆ ಇಡಿ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಒತ್ತಿ, ಕ್ಲೀನರ್‌ಗೆ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತಿದೆ ಅಂತ ಅರ್ಥ. ನನ್ನ ಗಾಡಿಯಲ್ಲಿ ಎರಡು ವೋಲ್ಟಿಗೂ ಜಾಸ್ತಿ ಬಂತು. ಚಾಸಿಸ್‌ನಿಂದ ಇಂಜಿನ್‌ಗೆ ಹೋಗುವ ಅರ್ತ್ ಪಟ್ಟಿ ಕೆಸರಿನಡಿ ತುಕ್ಕು ಹಿಡಿದು ಅರ್ಧ ಹರಿದಿತ್ತು. ಪಟ್ಟಿ ಬದಲಾಯಿಸಿದೆ, ಬ್ಯಾಟರಿ ಅದೇ ಹಳೇದು, ಸೆಲ್ಫ್ ಗರ್ ಅಂತ ಎತ್ತಿತು. ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ಬೋಲ್ಟಿಗೂ ಇದೇ ಪರೀಕ್ಷೆ ಮಾಡಬಹುದು.

ಇನ್ನೊಂದು ವಿಷಯ. ಜೋಡಿಯ ಲೆಕ್ಕ ನೋಡಿ ಸುಮ್ಮನಾಗಬೇಡಿ, ಒಂದೊಂದನ್ನೂ ಬೇರೆಬೇರೆ ಅಳೆಯಿರಿ. ಮ್ಯೂಸಿಕ್ ಸಿಸ್ಟಮ್‌ಗೆ, ಮೊಬೈಲ್ ಚಾರ್ಜರ್‌ಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಂಡ ಗಾಡಿಗಳು ಎಷ್ಟು ಬೇಕಾದರೂ ಇವೆ. ಆ ಬ್ಯಾಟರಿ ಯಾವಾಗಲೂ ಹಸಿದಿರುತ್ತದೆ, ಪಕ್ಕದ್ದು ಓವರ್ ಚಾರ್ಜ್ ಆಗಿ ನೀರು ಕುದಿಸುತ್ತದೆ. ಒಟ್ಟು ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ! 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿದರೆ ಈ ತೊಂದರೆ ಮುಗಿಯಿತು.

ಹೈಡ್ರೋಮೀಟರ್ ಅಗ್ಗ, ಆದರೆ ರಗಳೆ. ಆಸಿಡ್ ಹನಿ ಬಿದ್ದ ಅಂಗಿ ಮುಂದಿನ ಒಗೆತಕ್ಕೆ ತೂತು. ಕಣ್ಣಿನ ಬಗ್ಗೆಯಂತೂ ಹೇಳುವುದೇ ಬೇಡ. ನೀರು ಹಾಕಿದ ತಕ್ಷಣ ನೋಡಿದರೆ ಸುಳ್ಳು ರೀಡಿಂಗ್, ಚಾರ್ಜ್ ಆಗಿ ಬೆರೆತ ಮೇಲೆ ನೋಡಬೇಕು. ಆದರೂ ಒಂದು ಮಾತು ಇದು ಮಾತ್ರ ಹೇಳಬಲ್ಲದು: ಆರು ಸೆಲ್‌ನಲ್ಲಿ ಯಾವುದು ಸತ್ತಿದೆ ಅಂತ. ಐದು ಸೆಲ್ ಸಾಂದ್ರತೆ 1.260 ತೋರಿಸಿ ಒಂದು 1.200ರ ಹತ್ತಿರ ನಿಂತರೆ, ಚಾರ್ಜ್ ಹಾಕಿದ ಮೇಲೂ ಅದು ಮೇಲೇಳದಿದ್ದರೆ, ಆ ಬ್ಯಾಟರಿಯ ಆಸೆ ಬಿಡಿ. ಮುಚ್ಚಳ ತೆಗೆಯಲಾಗದ ಬ್ಯಾಟರಿಗೆ ಇದು ನಡೆಯುವುದಿಲ್ಲ. ಅದರ ಮೇಲಿರುವ ಹಸಿರು ಕಣ್ಣು ಒಂದೇ ಸೆಲ್ಲಿನ ಸುದ್ದಿ ಹೇಳುತ್ತದೆ, ಉಳಿದ ಐದರದ್ದಲ್ಲ.

ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಡೈನಮೋ ನೋಡುವ ನಾಲ್ಕನೇ ದಾರಿ ಒಂದಿದೆಯಲ್ಲ, ಅದನ್ನು ನಾನು ಮಾಡಲಿಲ್ಲ, ಯಾರಿಗೂ ಮಾಡಲು ಬಿಡುವುದೂ ಇಲ್ಲ. ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್ ಸುಡುತ್ತದೆ, ಹೊಸ ಗಾಡಿಯಾದರೆ ಇಸಿಎಂ ಕೂಡ.

ಒಂದನ್ನೇ ಕೊಳ್ಳುವುದಾದರೆ ಮೀಟರ್ ಕೊಳ್ಳಿ. ಬಲ್ಬಿಗೇನು, ಹಳೇ ಇಂಡಿಕೇಟರ್ ಹೋಲ್ಡರ್‌ನಲ್ಲೇ ಆಗುತ್ತದೆ. ಮೀಟರಿನಲ್ಲಿ ವೈರಿನ ಸುತ್ತ ಕಚ್ಚಿ ಆಂಪ್ ಅಳೆಯುವ ಕ್ಲಾಂಪ್ ಇರುವುದನ್ನೇ ತಗೊಳ್ಳುತ್ತೀರಾದರೆ ಡಿಸಿ ಆಂಪ್ ಅಳೆಯುತ್ತದಾ ಅಂತ ಅಂಗಡಿಯಲ್ಲೇ ಕೇಳಿ. ಅಗ್ಗದ ಎಷ್ಟೋ ಕ್ಲಾಂಪ್‌ಗಳು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಲಾರಿಯ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ.